ಡಿಸೆಂಬರ್‌ನಲ್ಲಿ ಗಟ್ಟಿ, ಏಪ್ರಿಲ್‌ನಲ್ಲಿ ನೀಲಿ ಸ್ಕ್ರೀನ್: ರ‍್ಯಾಮ್ ವೋಲ್ಟೇಜ್ ಏರಿಸಬೇಕಾ?

ಪ್ರಶ್ನೆ: ನನ್ನದು ಡಿಡಿಆರ್4, 8 ಜಿಬಿಯ ಎರಡು ಸ್ಟಿಕ್. ಡಬ್ಬಿ ಮೇಲೆ 3200, 16-18-18-38, 1.35 ವೋಲ್ಟ್ ಅಂತ ಇದೆ. ಟೈಮಿಂಗ್ ಹಾಗೇ ಬಿಟ್ಟು ಸ್ಪೀಡ್ ಮಾತ್ರ 3600ಕ್ಕೆ ಏರಿಸಿದ್ದೆ. ಡಿಸೆಂಬರ್‌ನಲ್ಲಿ ಏನೂ ತೊಂದರೆ ಇರಲಿಲ್ಲ. ಈಗ ಕಲಬುರಗಿ ಬಿಸಿಲಿಗೆ ಮಧ್ಯಾಹ್ನ ಗೇಮ್ ತಾನಾಗೇ ಮುಚ್ಚಿಹೋಗುತ್ತೆ, ಒಮ್ಮೊಮ್ಮೆ ನೀಲಿ ಸ್ಕ್ರೀನ್. ವೋಲ್ಟೇಜ್ 1.45ಕ್ಕೆ ಏರಿಸಿದರೆ ಸರಿಹೋಗುತ್ತಾ ಸರ್?

ಉತ್ತರ: ಸದ್ಯಕ್ಕೆ ಬೇಡ. ಬಹುಶಃ ಇನ್ನೂ ಕೆಡುತ್ತೆ.

ನೀವು "ಹಾಗೇ ಬಿಟ್ಟೆ" ಅಂದಿರಲ್ಲ, ಎಡವಿದ್ದು ಅಲ್ಲೇ. ಟೈಮಿಂಗ್ ಅಂದರೆ ರ‍್ಯಾಮ್‌ನ ಒಂದೊಂದು ಕೆಲಸಕ್ಕೆ ಕೊಡುವ ಹೊತ್ತು. ಆದರೆ 16, 18 ಅನ್ನುವುದು ನೇರ ಸಮಯವಲ್ಲ, ಕ್ಲಾಕ್‌ನ ಎಣಿಕೆ. 3200ರಲ್ಲಿ ಒಂದು ಎಣಿಕೆಗೆ 0.625 ನ್ಯಾನೋಸೆಕೆಂಡ್. 3600ರಲ್ಲಿ ಸುಮಾರು 0.556. ಅಂದರೆ 18 ಎಣಿಕೆಗೆ ಮೊದಲು 11.25 ನ್ಯಾನೋಸೆಕೆಂಡ್ ಸಿಗುತ್ತಿತ್ತು, ಈಗ 10 ಮಾತ್ರ. ಸ್ಪೀಡೂ ಏರಿಸಿದಿರಿ, ಗೊತ್ತಿಲ್ಲದೆ ಟೈಮಿಂಗೂ ಬಿಗಿ ಮಾಡಿದಿರಿ. ಮೊದಲಿನಷ್ಟೇ ಸಮಯ ಸಿಗಬೇಕಾದರೆ 3600ಕ್ಕೆ 18-21-21-43 ಇಡಬೇಕು.

ಹಾಗಾದರೆ ಡಿಸೆಂಬರ್‌ನಲ್ಲಿ ಹೇಗೆ ನಡೆಯಿತು? ಚಳಿ ಕಾಪಾಡಿತು, ಅಷ್ಟೇ. ರ‍್ಯಾಮ್‌ನ ಒಂದೊಂದು ಬಿಟ್ ಒಂದು ಪುಟ್ಟ ಕೆಪಾಸಿಟರ್‌ನಲ್ಲಿ ಕೂತಿರುತ್ತೆ. ಅದು ಸದಾ ಸೋರುತ್ತಲೇ ಇರುತ್ತೆ. ಮನೆಯ ಹರವಿ ನೋಡಿ, ಬೇಸಿಗೆಯಲ್ಲಿ ಬೇಗ ಖಾಲಿ, ಅಲ್ವಾ? ಇದೂ ಹಾಗೇ, ಬಿಸಿ ಜಾಸ್ತಿಯಾದಷ್ಟೂ ಸೋರಿಕೆ ಜಾಸ್ತಿ. ಅದಕ್ಕೇ ಡಿಡಿಆರ್4ನಲ್ಲಿ ಬಿಟ್‌ಗಳ ಎಲ್ಲ ಸಾಲುಗಳನ್ನೂ 64 ಮಿಲಿಸೆಕೆಂಡ್‌ಗೆ ಒಮ್ಮೆ ಮತ್ತೆ ತುಂಬಿಸುತ್ತಾರೆ. ಚಿಪ್ 85 ಡಿಗ್ರಿ ದಾಟಿದರೆ ಅದರ ಅರ್ಧ ಹೊತ್ತಿನಲ್ಲೇ ತುಂಬಿಸಬೇಕು ಅಂತ ಡಿಡಿಆರ್4 ನಿಯಮವೇ ಇದೆ. ನಿಮ್ಮದು ಅಷ್ಟು ಬಿಸಿಯಾಗುವುದಿಲ್ಲ ಬಿಡಿ. ಆದರೆ ಬಿಗಿ ಟೈಮಿಂಗ್ ಇಟ್ಟ ರ‍್ಯಾಮ್ 50 ಡಿಗ್ರಿ ಆಸುಪಾಸಿನಲ್ಲೇ ತಪ್ಪು ಮಾಡುವುದುಂಟು. ಹೊರಗೆ 42 ಇರುವಾಗ ಕ್ಯಾಬಿನೆಟ್ ಒಳಗೆ 50 ಏನು ದೂರ?

ತುಂಬಿಸುವ ಕೆಲಸಕ್ಕೆ ಎರಡು ಸೆಟ್ಟಿಂಗ್ ಇವೆ. ಟಿಆರ್‌ಎಫ್‌ಸಿ ಅಂದರೆ ಒಂದು ಸಲ ತುಂಬಿಸಲು ಕೊಡುವ ಹೊತ್ತು. ನಿಮ್ಮಂಥ 8 ಜಿಬಿ ಸ್ಟಿಕ್‌ಗಳಲ್ಲಿ ಸಾಮಾನ್ಯವಾಗಿರುವ 8 ಗಿಗಾಬಿಟ್ ಚಿಪ್‌ಗೆ ಅದು 350 ನ್ಯಾನೋಸೆಕೆಂಡ್. 3600ರ ಲೆಕ್ಕದಲ್ಲಿ 630 ಎಣಿಕೆ. ಯಾವುದೋ ವಿಡಿಯೊ ನೋಡಿ ಇದನ್ನು 300ಕ್ಕೆ ಇಳಿಸಿದ್ದರೆ ವಾಪಸ್ 630 ಮಾಡಿ. ಅಷ್ಟು ಬಿಗಿ ತಡೆಯುವ ಚಿಪ್‌ಗಳು ಇವೆ, ಆದರೆ ಕಡಿಮೆ. ಇನ್ನೊಂದು ಟಿಆರ್‌ಇಎಫ್‌ಐ, ಎರಡು ತುಂಬಿಸುವಿಕೆಗಳ ನಡುವಿನ ಅಂತರ. ಇಂಟೆಲ್ ಬೋರ್ಡ್ ಇರುವವರು ಸ್ಪೀಡ್ ಟೆಸ್ಟ್‌ನ ಸ್ಕೋರ್ ಆಸೆಗೆ ಇದನ್ನು 65535ಕ್ಕೆ ಎಳೆಯುತ್ತಾರೆ. 3600ಕ್ಕೆ ಸರಿಯಾದದ್ದು 14040. ನಮ್ಮ ಊರಲ್ಲಿ ಇದನ್ನು ಎಳೆಯುವುದು ಸುಮ್ನೆ ತಲೆನೋವು.

ಈಗ ವೋಲ್ಟೇಜ್ ವಿಷಯ. ಬಿಸಿ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಏರುತ್ತೆ. 1.35ರಿಂದ 1.45 ಅಂದರೆ ನೋಡಲು ಸಣ್ಣದು, ಬಿಸಿ ಮಾತ್ರ ಸುಮಾರು 15% ಜಾಸ್ತಿ. ಮೊದಲೇ ಬೆಂದಿರುವುದಕ್ಕೆ ಇನ್ನಷ್ಟು ಉರಿ. ಲಾಭವೂ ಎಲ್ಲ ಕಡೆ ಇಲ್ಲ. ಮೊದಲ ಅಂಕಿ, ಅಂದರೆ ಸಿಎಲ್, ವೋಲ್ಟೇಜ್ ಕೊಟ್ಟರೆ ಕೆಳಗಿಳಿಯುತ್ತೆ. ಎರಡನೆಯ ಅಂಕಿ ಟಿಆರ್‌ಸಿಡಿ ಬಹಳಷ್ಟು ಚಿಪ್‌ಗಳಲ್ಲಿ ಎಷ್ಟು ಕೊಟ್ಟರೂ ಜಗ್ಗುವುದಿಲ್ಲ.

ಬಿಸಿಯ ತಪ್ಪೋ ವೋಲ್ಟೇಜ್ ಕೊರತೆಯೋ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಹಿಡಿಯಿರಿ. ಕ್ರ್ಯಾಶ್ ನಿಂತಿತಾ? ಹಾಗಾದರೆ ಬಿಸಿಯದೇ ಕೆಲಸ. ನಿಲ್ಲಲಿಲ್ಲವಾ? ಟೈಮಿಂಗ್ ಸಡಿಲ ಮಾಡಿದ ಮೇಲೂ ತಪ್ಪು ಬಂದರೆ ಮಾತ್ರ ವೋಲ್ಟೇಜ್ 0.02ರಂತೆ ಏರಿಸಿ. ಈ ಊರಲ್ಲಿ ದಿನಾ ಬಳಸುವ ಕಂಪ್ಯೂಟರ್‌ಗೆ 1.40 ನನ್ನ ಗೆರೆ. ಬೆಂಗಳೂರಿನ ಗೆಳೆಯರು 1.45 ಹಾಕಿ ಆರಾಮಾಗಿದ್ದಾರೆ, ಅವರ ಮಾತು ಬೇರೆ. ಅಂದಹಾಗೆ ನೀರಿನ ಕೂಲರ್ ಎದುರಿಗೇ ಕ್ಯಾಬಿನೆಟ್ ಇಡಬೇಡಿ. ಗಾಳಿ ತಂಪು ನಿಜ, ಜೊತೆಗೆ ತೇವವೂ ಹನಿಯೂ ಒಳಗೆ ಹೋಗುತ್ತೆ.

ಟೆಸ್ಟ್ ಮಾಡುವ ಹೊತ್ತೂ ಮುಖ್ಯ. ಒಂದು ಜನವರಿಯಲ್ಲಿ ರಾತ್ರಿಯಿಡೀ ಟೆಸ್ಟ್ ಓಡಿಸಿ, ಒಂದೂ ತಪ್ಪಿಲ್ಲ ಅಂತ ನಾನು ಬೀಗಿದ್ದೆ. ಮೇ ತಿಂಗಳಲ್ಲಿ ತಮ್ಮನ ಮದುವೆ ಫೋಟೊಗಳನ್ನು ಜಿಪ್ ಮಾಡಿಟ್ಟೆ. ಆಮೇಲೆ ಫೈಲ್ ತೆರೆಯಲೇ ಇಲ್ಲ. ಕ್ರ್ಯಾಶ್ ಆದರೆ ಗೊತ್ತಾದರೂ ಆಗುತ್ತೆ. ರ‍್ಯಾಮ್ ಸದ್ದಿಲ್ಲದೆ ತಪ್ಪು ಬರೆದರೆ ಅದು ಹಾರ್ಡ್‌ಡಿಸ್ಕ್‌ಗೇ ಇಳಿದುಬಿಡುತ್ತೆ. ಏಪ್ರಿಲ್, ಮೇನಲ್ಲಿ ನಮ್ಮ ಸರಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು 1:30ಕ್ಕೆ ಮುಚ್ಚುತ್ತವೆ. ರ‍್ಯಾಮ್‌ನ ಪರೀಕ್ಷೆ ಅದಾದ ಮೇಲೆ, ಮಧ್ಯಾಹ್ನ 2ರಿಂದ 5ರ ನಡುವೆ ನಡೆಯಲಿ. ಮೊದಲು ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಓಡಿಸಿ. ಅದರಲ್ಲಿ ಪಾಸಾದರೆ ವಿಂಡೋಸ್‌ನಲ್ಲಿ ಟೆಸ್ಟ್‌ಮೆಮ್5. ಇಷ್ಟೂ ಆದ ಮೇಲೆ ಭಾರಿ ಗೇಮ್ ಒಂದನ್ನು ಎರಡು ತಾಸು ಆಡಿ. ಬರೀ ಮೆಮೊರಿ ಟೆಸ್ಟ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ತಣ್ಣಗಿರುತ್ತೆ. ಗೇಮ್‌ನಲ್ಲಿ ಅದರ ಬಿಸಿಗಾಳಿ ರ‍್ಯಾಮ್ ಕಡೆಗೇ ಏರುತ್ತೆ.

ಸೆಟ್ಟಿಂಗ್ ಬದಲಿಸಿದಾಗ ಸ್ಕ್ರೀನೇ ಬರದಿದ್ದರೆ ಹೆದರಬೇಡಿ. ಪ್ಲಗ್ ತೆಗೆದು, ಬೋರ್ಡ್ ಮೇಲಿನ ದುಂಡು ಸೆಲ್ ಐದು ನಿಮಿಷ ಹೊರಗಿಟ್ಟು ಹಾಕಿ. ಬಯಾಸ್, ಅಂದರೆ ಬೋರ್ಡ್‌ನ ಸೆಟ್ಟಿಂಗ್ ಮೆನು, ಮೊದಲಿನಂತಾಗುತ್ತೆ.

18-21-21-43 ಇಟ್ಟು, ಬೇಕಾದರೆ ವೋಲ್ಟೇಜ್ 1.40ರವರೆಗೆ ಏರಿಸಿಯೂ ಮಧ್ಯಾಹ್ನ ತಪ್ಪು ಬಂದರೆ 3200ಕ್ಕೆ ಇಳಿದು ಎಕ್ಸ್‌ಎಂಪಿಯಲ್ಲೇ, ಅಂದರೆ ಡಬ್ಬಿ ಮೇಲಿನ ಸೆಟ್ಟಿಂಗ್‌ನಲ್ಲೇ, ಇರಿ. ಗೇಮ್‌ನಲ್ಲಿ ಕಣ್ಣಿಗೆ ಬೀಳುವಷ್ಟು ವ್ಯತ್ಯಾಸವೇನೂ ಆಗುವುದಿಲ್ಲ. ನನ್ನ ಬಯಾಸ್‌ನಲ್ಲಿ ಎರಡು ಪ್ರೊಫೈಲ್ ಇವೆ, ಒಂದು ಚಳಿಗೆ, ಒಂದು ಬಿಸಿಲಿಗೆ. ಬಿಸಿಲಿನದನ್ನು ಶಿವರಾತ್ರಿ ಮುಗಿದ ವಾರ ಹಾಕುತ್ತೇನೆ. ಮಿರಗದ ಮಳೆ ಹಿಡಿದ ಮೇಲೆ ತೆಗೆಯುತ್ತೇನೆ.