ಮೆಣಸಿನಕಾಯಿ ಅನ್ನೋ ಅಡ್ಡಹೆಸರು ಬಂದಿದ್ದು ಎಲ್ಲಿಂದ?

ಓದುಗರ ಪ್ರಶ್ನೆ: ನಮ್ಮ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಮೆಣಸಿನಕಾಯಿ. ಊರ ಕಡೆ ಯಾರೂ ಏನೂ ಅನ್ನುವುದಿಲ್ಲ. ಬೆಂಗಳೂರಿನಲ್ಲಿ ಹೆಸರು ಹೇಳಿದ ಕೂಡಲೇ ಎದುರಿನವರು ನಗುತ್ತಾರೆ. ಈ ಹೆಸರು ನಿಜವಾಗಿ ಎಲ್ಲಿಂದ ಬಂತು? ಇಷ್ಟು ಅಪರೂಪ ಯಾಕೆ? ಈ ಹೆಸರಿನವರೆಲ್ಲ ಒಂದೇ ಮನೆತನದವರಾ?

ನಗುವವರು ನಗಲಿ ಬಿಡಿ. ಅವರು ಹುಬ್ಬಳ್ಳಿ ಪೇಟೆಯ ಬೋರ್ಡುಗಳನ್ನು ಓದಿಲ್ಲ ಅಷ್ಟೇ. ಬೆಲ್ಲದ, ಅಕ್ಕಿ, ಉಪ್ಪಿನ, ಜೋಳದ, ತುಪ್ಪದ, ಕೊಬ್ಬರಿ, ಉಳ್ಳಾಗಡ್ಡಿ... ಉತ್ತರ ಕರ್ನಾಟಕದ ಅಡ್ಡಹೆಸರುಗಳನ್ನು ಬರೆಯುತ್ತಾ ಹೋದರೆ ತಿಂಗಳ ಕಿರಾಣಿ ಚೀಟಿಯೇ ಆಗಿಬಿಡುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಿಂದ ಗೆದ್ದವರು ಮಹೇಶ ಟೆಂಗಿನಕಾಯಿ. ಪಕ್ಕದ ಪಶ್ಚಿಮ ಕ್ಷೇತ್ರದಿಂದ ಗೆದ್ದವರು ಅರವಿಂದ ಬೆಲ್ಲದ. ಕಾಯಿ ಹೋಳಿಗೆಗೆ ಇನ್ನೇನು ಬೇಕು ಹೇಳಿ! ಇವರ ನಡುವೆ ನಿಮ್ಮ ಮೆಣಸಿನಕಾಯಿ ವಿಚಿತ್ರವೇನಲ್ಲ.

ಈ ಹೆಸರುಗಳು ಹೆಚ್ಚಾಗಿ ಹುಟ್ಟಿದ್ದು ವ್ಯಾಪಾರದಿಂದ. ಒಂದು ಊರಿನಲ್ಲಿ ನಾಲ್ಕು ಜನ ಬಸಪ್ಪ ಇರುತ್ತಾರೆ. ಯಾವ ಬಸಪ್ಪ ಅಂತ ಹೇಳಬೇಕಲ್ಲ? ಬೆಲ್ಲ ಮಾರುವ ಮನೆಯವನು ಬೆಲ್ಲದ ಬಸಪ್ಪ, ಮೆಣಸಿನಕಾಯಿ ಹೇರು ಕಟ್ಟಿಕೊಂಡು ಸಂತೆಗೆ ಹೋಗುವವನು ಮೆಣಸಿನಕಾಯಿ ಬಸಪ್ಪ. ಅವನ ಮಗ ಮಾಸ್ತರನಾದರೂ, ಮೊಮ್ಮಗ ಇಂಜಿನಿಯರ್ ಆದರೂ ಹೆಸರು ಮಾತ್ರ ಬಿಡಲಿಲ್ಲ. ಬೆಲ್ಲದ, ಉಪ್ಪಿನ ಅನ್ನುವಲ್ಲಿ ಕೊನೆಗೆ ಒಂದು ‘ದ’, ‘ಇನ’ ಉಳಿದಿದೆ. ಅಂದರೆ ಬೆಲ್ಲದ ಮನೆಯವರು, ಉಪ್ಪಿನ ಮನೆಯವರು ಅಂತ. ಟೆಂಗಿನಕಾಯಿ, ಮೆಣಸಿನಕಾಯಿಗೆ ಅದೂ ಇಲ್ಲ. ಸರಕಿನ ಹೆಸರೇ ಮನೆಯ ಹೆಸರು.

ಮಾರುವವರೇ ಆಗಿರಬೇಕು ಅಂತಿಲ್ಲ. ದೊಡ್ಡದಾಗಿ ಬೆಳೆಯುತ್ತಿದ್ದ ರೈತರಿರಬಹುದು, ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟವರಿರಬಹುದು. ನಿಮ್ಮ ಮನೆ ಇದರಲ್ಲಿ ಯಾವುದು ಅನ್ನುವುದನ್ನು ಹಿರಿಯರೇ ಹೇಳಬೇಕು.

‘ನಮ್ಮ ಮುತ್ತಜ್ಜ ಬಹಳ ಸಿಟ್ಟಿನವನು, ಅದಕ್ಕೇ ಮೆಣಸಿನಕಾಯಿ ಅಂದರು’ ಅನ್ನುವಂಥ ಕಥೆಗಳನ್ನೂ ಜನ ಹೇಳುತ್ತಾರೆ. ಕೇಳಲು ಚೆನ್ನಾಗಿರುತ್ತದೆ. ಆದರೆ ನನಗೆ ನಂಬಿಕೆ ಬರುವುದಿಲ್ಲ. ಸಿಟ್ಟಿನಿಂದ ಮೆಣಸಿನಕಾಯಿ ಆಯಿತು ಅನ್ನಿ, ಹಾಗಾದರೆ ಟೆಂಗಿನಕಾಯಿ ಯಾವ ಗುಣದಿಂದ ಬಂತು? ಜೋಳದ ಅನ್ನುವುದು ಯಾವ ಸ್ವಭಾವ? ಸುತ್ತಲಿನ ಹೆಸರುಗಳೆಲ್ಲ ಸರಕಿನ ಹೆಸರಾಗಿರುವಾಗ ಇದೊಂದಕ್ಕೆ ಮಾತ್ರ ಬೇರೆ ಕಾರಣ ಹುಡುಕುವುದು ಸುಮ್ನೆ ಕಷ್ಟಪಟ್ಟ ಹಾಗೆ.

ಈಗ ನಿಮ್ಮ ಹೆಸರಿನ ವಿಶೇಷಕ್ಕೆ ಬರೋಣ. ಅಕ್ಕಿ, ಬೆಲ್ಲ, ಉಪ್ಪು ಎಷ್ಟು ಹಳೆಯವು ಅಂತ ಲೆಕ್ಕ ಹಾಕಲು ಆಗುವುದಿಲ್ಲ. ಆ ಅಡ್ಡಹೆಸರುಗಳು ಯಾವ ಕಾಲದ್ದಾದರೂ ಆಗಿರಬಹುದು. ಮೆಣಸಿನಕಾಯಿ ಹಾಗಲ್ಲ. ಈ ಗಿಡದ ತವರು ಅಮೆರಿಕ ಖಂಡ. ಕೊಲಂಬಸ್ ಆ ಕಡೆಯ ದ್ವೀಪಗಳನ್ನು ಮುಟ್ಟಿದ್ದು 1492ರಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆ ಕಡೆ ಬಂದಿದ್ದು 1498ರಲ್ಲಿ. ಪೋರ್ಚುಗೀಸರು ಗೋವಾ ಹಿಡಿದಿದ್ದು 1510ರಲ್ಲಿ. ಅವರ ಹಡಗುಗಳ ಜೊತೆ ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂತು. ಗೋವಾದಿಂದ ಘಟ್ಟ ಹತ್ತಿದರೆ ಧಾರವಾಡ, ಬೆಳಗಾವಿ ದೂರವೇನಲ್ಲ. ಅಂದರೆ ನಿಮ್ಮ ಅಡ್ಡಹೆಸರಿಗೆ ಐನೂರು ಚಿಲ್ಲರೆ ವರ್ಷಕ್ಕಿಂತ ಜಾಸ್ತಿ ವಯಸ್ಸು ಇರಲು ಸಾಧ್ಯವೇ ಇಲ್ಲ. ಬಂದ ಬೆಳೆ ಹೊಲದಲ್ಲಿ ನೆಲೆಯೂರಿ, ಪೇಟೆಯ ಸರಕಾಗಿ, ಅದರಿಂದ ಒಂದು ಮನೆಯನ್ನು ಗುರುತಿಸಲು ಇನ್ನಷ್ಟು ಕಾಲ ಬೇಕು. ಇಷ್ಟು ಖಚಿತವಾಗಿ ‘ಇದಕ್ಕಿಂತ ಹಿಂದೆ ಇರಲಿಲ್ಲ’ ಅಂತ ಹೇಳಬಹುದಾದ ಅಡ್ಡಹೆಸರು ಬಹಳ ಇಲ್ಲ.

‘ಮೆಣಸು ಮೊದಲಿನಿಂದಲೂ ಇತ್ತಲ್ವಾ?’ ಅಂತ ಕೇಳಬಹುದು. ಇತ್ತು, ಅದು ಕಾಳುಮೆಣಸು. ಖಾರಕ್ಕೆ ಆಗ ಮುಖ್ಯ ಆಧಾರ ಅದೇ. ಹೊಸದಾಗಿ ಬಂದ ಕಾಯಿಯೂ ಖಾರ ಇದ್ದುದರಿಂದ ಮೆಣಸಿನಕಾಯಿ ಆಯಿತು. ನಿಮ್ಮ ಹೆಸರು ಕಾಳುಮೆಣಸಿನ ವ್ಯಾಪಾರದಿಂದ ಬಂದಿರಲಾರದು. ಕಾಳಿಗೆ ಯಾರೂ ಕಾಯಿ ಅನ್ನುವುದಿಲ್ಲ. ಮೇಲಾಗಿ ಅದು ಮಲೆನಾಡಿನ ಬಳ್ಳಿ. ಕುಂದಗೋಳ, ಅಣ್ಣಿಗೇರಿ, ಗದಗಿನ ಕಪ್ಪು ನೆಲದಲ್ಲಿ ಕಾಣುವುದು ಕೆಂಪು ಮೆಣಸಿನಕಾಯಿ. ಅದರಲ್ಲೂ ಬ್ಯಾಡಗಿ ಮೆಣಸಿನಕಾಯಿ ಈ ಭಾಗದ್ದೇ. ಮೈ ತುಂಬ ಸುಕ್ಕು, ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಇಂಥ ಸೀಮೆಯಲ್ಲಿ ಈ ಅಡ್ಡಹೆಸರು ಹುಟ್ಟದೇ ಇದ್ದಿದ್ದರೆ ಆಶ್ಚರ್ಯಪಡಬೇಕಿತ್ತು.

ಹಾಗಾದರೆ ಅಪರೂಪ ಯಾಕೆ? ಪಾಟೀಲ, ಕುಲಕರ್ಣಿ ಅನ್ನುವುದು ಹುದ್ದೆ. ಊರೂರಿಗೂ ಒಬ್ಬ ಪಾಟೀಲ ಬೇಕಿತ್ತು, ಲೆಕ್ಕ ಬರೆಯಲು ಒಬ್ಬ ಕುಲಕರ್ಣಿ ಬೇಕಿತ್ತು. ಬಡಿಗೇರ, ಕಂಬಾರ, ಕುಂಬಾರ, ಹೂಗಾರರೂ ಹಾಗೆಯೇ. ಅದಕ್ಕೇ ಅವರು ಸಾವಿರಗಟ್ಟಲೆ ಸಿಗುತ್ತಾರೆ. ಮೆಣಸಿನಕಾಯಿಯಂಥ ಹೆಸರು ಹುಟ್ಟಿದ್ದೇ ಒಂದು ಮನೆಯನ್ನು ಉಳಿದ ಮನೆಗಳಿಂದ ಬೇರೆ ಮಾಡಿ ಹೇಳಲು. ಊರೆಲ್ಲ ಬೆಳೆಯುವ ಕಡೆ ಎಲ್ಲರಿಗೂ ಆ ಹೆಸರಿಟ್ಟರೆ ಗುರುತು ಎಲ್ಲಿ ಉಳಿಯಿತು?

ಒಂದೇ ಮನೆತನವೇ ಅನ್ನುವ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಗದಗ ಕಡೆಯ ಒಂದು ಮನೆಗೆ, ಬೆಳಗಾವಿ ಕಡೆಯ ಇನ್ನೊಂದು ಮನೆಗೆ ಬೇರೆ ಬೇರೆಯಾಗಿ ಈ ಹೆಸರು ಬಿದ್ದಿರಬಹುದು. ಅಡ್ಡಹೆಸರು ನೋಡಿ ಸಂಬಂಧ ಹೇಳಬೇಡಿ, ಜಾತಿಯನ್ನಂತೂ ಹೇಳಲೇಬೇಡಿ. ಈ ಭಾಗದಲ್ಲಿ ಒಂದೇ ಅಡ್ಡಹೆಸರು ಎರಡು ಮೂರು ಜಾತಿಗಳಲ್ಲಿ ಇರುವುದು ಮಾಮೂಲು. ಮುಸ್ಲಿಂ ಮನೆಗಳಲ್ಲೂ ಅಚ್ಚಕನ್ನಡದ ಅಡ್ಡಹೆಸರುಗಳಿವೆ.

ಬೆಂಗಳೂರಿನವರಿಗೆ ನಗು ಬರಲು ಇನ್ನೊಂದು ಕಾರಣವೂ ಇದೆ. ಹಳೇ ಮೈಸೂರಿನಲ್ಲಿ ಹೆಸರಿನ ಹಿಂದೆ ಇನಿಶಿಯಲ್ ಹಾಕುವುದು ರೂಢಿ. ಎಚ್.ಡಿ. ದೇವೇಗೌಡ ಅಂದರೆ ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಊರು, ಅಪ್ಪ, ತಾನು. ಅಲ್ಲಿ ಮನೆತನದ ಹೆಸರಿಗೆ ಜಾಗವೇ ಇಲ್ಲ. ಧಾರವಾಡ, ಬೆಳಗಾವಿ ಮೊದಲು ಪೇಶ್ವೆಯರ ಕೈಯಲ್ಲಿದ್ದವು, 1818ರ ಸುಮಾರಿಗೆ ಬ್ರಿಟಿಷರ ಮುಂಬೈ ಪ್ರಾಂತ್ಯಕ್ಕೆ ಸೇರಿದವು. ಅಲ್ಲಿ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಬರೆಯುವ ಪದ್ಧತಿ ಬೇರೂರಿತು. ಊರವರು ಬಾಯಲ್ಲಿ ಕರೆಯುತ್ತಿದ್ದದ್ದು ಕಾಗದಕ್ಕೂ ಬಂತು.

ಈಗಿನ ತಾಪತ್ರಯ ಇಂಗ್ಲಿಷ್ ಸ್ಪೆಲ್ಲಿಂಗ್. ಕೊನೆಗೆ ‘ಐ’ ಅಕ್ಷರ ಬರೆಯುವವರು, ‘ವೈ’ ಸೇರಿಸುವವರು, ನಡುವಿನ ‘ಎ’ ನುಂಗುವವರು ಎಲ್ಲರೂ ಇದ್ದಾರೆ. ಕಂಪ್ಯೂಟರ್ ಇವರನ್ನೆಲ್ಲ ಬೇರೆ ಬೇರೆ ಅಡ್ಡಹೆಸರಿನವರು ಅಂದುಕೊಳ್ಳುತ್ತದೆ. ಅಂತರ್ಜಾಲದಲ್ಲಿ ಹುಡುಕಿದಾಗ ಇದು ಇರುವುದಕ್ಕಿಂತಲೂ ಅಪರೂಪವಾಗಿ ಕಾಣುವುದು ಅದಕ್ಕೇ. ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಮೂರರಲ್ಲೂ ಒಂದೇ ಸ್ಪೆಲ್ಲಿಂಗ್ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ.

ನಿಮ್ಮದೇ ಮನೆಯ ಕಥೆ ಬೇಕಾದರೆ ಎರಡು ದಾರಿ ಇವೆ. ಒಂದು, ಹೊಲದ ಹಳೆಯ ಉತಾರ, ಅಂದರೆ ಪಹಣಿ. ಅಜ್ಜ, ಮುತ್ತಜ್ಜನ ಹೆಸರಿನ ಮುಂದೆ ಇದೇ ಅಡ್ಡಹೆಸರು ಇದೆಯಾ ನೋಡಿ. ಕೆಲವೊಮ್ಮೆ ಹಿಂದೆ ಬೇರೆ ಅಡ್ಡಹೆಸರು ಇದ್ದು, ನಡುವೆ ಬದಲಾಗಿರುತ್ತದೆ. ಇನ್ನೊಂದು, ಹೆಳವರು. ಸುಗ್ಗಿ ಮುಗಿದ ಮೇಲೆ ಊರಿಗೆ ಬಂದು ಮನೆತನದ ವಂಶಾವಳಿ ಹೇಳಿ ಕಾಳು ಇಸಿದುಕೊಂಡು ಹೋಗುವವರು. ನಿಮ್ಮ ಮನೆಯವರ ಮೂಲ ಊರು ಯಾವುದು, ಅಲ್ಲಿಂದ ಯಾಕೆ ಎದ್ದು ಬಂದರು ಅನ್ನುವುದು ಅವರ ಹೊತ್ತಿಗೆಯಲ್ಲಿ ಇರಬಹುದು. ಮುಂದಿನ ಸಲ ಅವರು ಬಂದಾಗ ಊರಿನಲ್ಲಿ ಇರುವ ದೊಡ್ಡಪ್ಪನಿಗೋ ಕಾಕಾನಿಗೋ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಸಿಕೊಳ್ಳಿ. ಕಾಳಿನ ಬದಲು ದುಡ್ಡು ಕೊಟ್ಟರೂ ಅವರು ಬೇಡ ಅನ್ನುವುದಿಲ್ಲ.