ಖಾಲಿ ಜಾಗದ ಎಳೆತ ಮತ್ತು 17 ಮಿಲಿವೋಲ್ಟ್ ಕಾಟ

ಎರಡು ಲೋಹದ ತಟ್ಟೆಗಳನ್ನು ಎದುರುಬದುರು ಇಟ್ಟು, ನಡುವಿನ ಗಾಳಿಯನ್ನೆಲ್ಲ ತೆಗೆಯಿರಿ. ವಿದ್ಯುದಾವೇಶವೂ ಇರಬಾರದು. ಈಗ ಹತ್ತಿರ ತರುತ್ತಾ ಹೋಗಿ. ಅಂತರ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಆಗುವಷ್ಟರಲ್ಲಿ ಅವು ಒಂದನ್ನೊಂದು ಎಳೆಯುತ್ತಿರುತ್ತವೆ. ಹೀಗಾಗಲೇಬೇಕು ಅಂತ 1948ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಫಿಲಿಪ್ಸ್ ಪ್ರಯೋಗಾಲಯದ ಹೆಂಡ್ರಿಕ್ ಕ್ಯಾಸಿಮಿರ್.

ಕೋಲಾರದಲ್ಲಿ ಪಿಯು ಮಕ್ಕಳಿಗೆ ಇದನ್ನು ಹೇಳಿದರೆ ಮೊದಲು ಬರುವ ಪ್ರಶ್ನೆ, "ಸಾರ್, ಖಾಲಿ ಅಂದ್ರೆ ಖಾಲಿನೇ ಅಲ್ವಾ?" ಕೇಳಲೇಬೇಕಾದ ಪ್ರಶ್ನೆ. ಕ್ವಾಂಟಂ ಸಿದ್ಧಾಂತದ ಪ್ರಕಾರ ವಿದ್ಯುತ್ಕಾಂತ ಕ್ಷೇತ್ರ ಯಾವತ್ತೂ ಪೂರ್ತಿ ಸುಮ್ಮನಿರುವುದಿಲ್ಲ, ಕಗ್ಗತ್ತಲಲ್ಲೂ ಸಣ್ಣ ಅಲುಗಾಟ ಉಳಿದೇ ಇರುತ್ತದೆ. ತಟ್ಟೆಗಳ ನಡುವೆ ಕೆಲವು ತರಂಗಾಂತರಗಳಿಗೆ ಮಾತ್ರ ಜಾಗ. ಹೊರಗೆ ಎಲ್ಲಕ್ಕೂ ಜಾಗ. ಆ ವ್ಯತ್ಯಾಸವೇ ಎಳೆತವಾಗಿ ಕಾಣುತ್ತದೆ.

ಬಲ ಎಷ್ಟು? ಒಂದು ಚದರ ಸೆಂಟಿಮೀಟರ್ ತಟ್ಟೆಗಳು, ಒಂದು ಮೈಕ್ರಾನ್ ಅಂತರ: 13 ಮೈಕ್ರೋಗ್ರಾಂ ತೂಕದಷ್ಟು. ಒಂದು ರಾಗಿ ಕಾಳನ್ನು ಇನ್ನೂರು ಚೂರು ಮಾಡಿದರೆ ಹೆಚ್ಚುಕಮ್ಮಿ ಒಂದು ಚೂರು. ಅಂತರ ಅರ್ಧವಾದರೆ ಬಲ 16 ಪಟ್ಟು.

ಇಷ್ಟು ಸಣ್ಣದನ್ನು ಅಳೆಯುವುದು ಕಷ್ಟ ನಿಜ, ಆದರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕಷ್ಟ ಬೇರೆ ಇದೆ. ಅಳೆದದ್ದು ಅದೇ ಬಲ ಅಂತ ಖಚಿತ ಮಾಡಿಕೊಳ್ಳುವುದು. ತಟ್ಟೆಗಳ ನಡುವೆ ಬರೀ 17 ಮಿಲಿವೋಲ್ಟ್ ವ್ಯತ್ಯಾಸ ಉಳಿದರೂ ಸಾಕು, ಒಂದು ಮೈಕ್ರಾನ್ ದೂರದಲ್ಲಿ ಮಾಮೂಲಿ ವಿದ್ಯುತ್ ಸೆಳೆತ ಕ್ಯಾಸಿಮಿರ್ ಬಲದಷ್ಟೇ ಆಗಿಬಿಡುತ್ತದೆ. ಪೆನ್ಸಿಲ್ ಸೆಲ್‌ನಲ್ಲಿ 1500 ಮಿಲಿವೋಲ್ಟ್ ಇರುತ್ತದೆ, ಲೆಕ್ಕ ಹಾಕಿ ನೋಡಿ!

ಅದಕ್ಕೇ ಚಿನ್ನದ ಲೇಪ. ಚಿನ್ನ ಗಾಳಿಗೆ ಕಿಲುಬು ಹಿಡಿಯುವುದಿಲ್ಲ, ಕೆಜಿಎಫ್ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. (1965ರಲ್ಲಿ ಅದೇ ಗಣಿಯ ಆಳದಲ್ಲಿ ನ್ಯೂಟ್ರಿನೊ ಹಿಡಿದದ್ದೂ ಇಂಥದ್ದೇ ಹಟದಿಂದ. ಮೇಲಿಂದ ಬರುವ ಬೇರೆ ಕಣಗಳ ಗದ್ದಲವನ್ನು ಬಂಡೆ ತಡೆಯಲಿ ಅಂತ ಅಷ್ಟು ಕೆಳಗೆ ಇಳಿದರು.) ಆದರೆ ಚಿನ್ನದ ಮೇಲೂ ಅಲ್ಲಲ್ಲಿ ತೇಪೆ ಹಾಕಿದ ಹಾಗೆ ವೋಲ್ಟೇಜ್ ಬೇರೆಬೇರೆ ಇರುತ್ತದೆ. ಬೇಕಂತಲೇ ಹೊರಗಿಂದ ವೋಲ್ಟೇಜ್ ಕೊಟ್ಟು, ಏರಿಸಿ ಇಳಿಸಿ, ಸೆಳೆತ ಎಲ್ಲಿ ಅತಿ ಕಡಿಮೆ ಅಂತ ಹುಡುಕಿ, ಅಲ್ಲಿ ನಿಂತು ಅಳೆಯುತ್ತಾರೆ. ತೇಪೆಗಳ ಪಾಲು ಆಗಲೂ ಪೂರ್ತಿ ಹೋಗುವುದಿಲ್ಲ.

ಇನ್ನು ಎರಡು ತಟ್ಟೆಗಳನ್ನು ಒಂದಿಷ್ಟೂ ಓರೆಯಾಗದಂತೆ ಹಿಡಿಯುವುದು ಮಹಾ ಫಜೀತಿ. ಒಂದರ ಬದಲು ಗೋಳದ ಮೈ ಇಟ್ಟರೆ ಓರೆಯ ಮಾತೇ ಇಲ್ಲ. ಅಮೆರಿಕದಲ್ಲಿ ಸ್ಟೀವ್ ಲಾಮೊರೊ 1997ರಲ್ಲಿ ಹಾಗೇ ಮಾಡಿದರು, ತಂತಿಗೆ ತೂಗುಹಾಕಿದ ತಿರುಚು ಲೋಲಕದಲ್ಲಿ 0.6ರಿಂದ 6 ಮೈಕ್ರಾನ್‌ವರೆಗೆ ಅಳೆದರು. ಮರುವರ್ಷ ಉಮರ್ ಮೊಹಿದೀನ್ ಮತ್ತು ಅನುಶ್ರೀ ರಾಯ್, ಅತಿ ಸಣ್ಣ ಬಲವನ್ನೂ ಗುರುತಿಸುವ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿನ ತುದಿಗೆ ಲೋಹ ಲೇಪಿಸಿದ 0.2 ಮಿಲಿಮೀಟರ್ ಗೋಳ ಅಂಟಿಸಿ, ಇನ್ನೂ ಹತ್ತಿರ ಹೋದರು. ಎರಡೂ ಸಮತಟ್ಟಾದ ಮೈಗಳನ್ನೇ ಇಟ್ಟು ಇಟಲಿಯ ಪಡೋವಾದವರು ಅಳೆದದ್ದು 2002ರಲ್ಲಿ, ಅದೂ ಸುಮಾರು 15 ಪರ್ಸೆಂಟ್ ನಿಖರತೆಯಲ್ಲಿ.

ಬಲ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆ ಮುಗಿದಿದೆ. ಈಗಿನ ಜಗಳ ಶಾಖದ್ದು, ಅಂದರೆ ತಟ್ಟೆಗಳ ಬಿಸಿಯಿಂದ ಬಲ ಎಷ್ಟು ಬದಲಾಗುತ್ತದೆ ಅನ್ನುವುದು. ಲೋಹದ ವಿದ್ಯುತ್ ರೋಧವನ್ನು ಲೆಕ್ಕಕ್ಕೆ ಸೇರಿಸಿದರೆ ಒಂದು ಉತ್ತರ, ಬಿಟ್ಟರೆ ಇನ್ನೊಂದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ 2011ರ ಪ್ರಯೋಗ ಮೊದಲನೆಯದರ ಕಡೆ ವಾಲಿತು, ಹತ್ತಿರದ ಅಂತರದ ಕೆಲವು ಅಳತೆಗಳು ಎರಡನೆಯದಕ್ಕೆ ಹೊಂದುತ್ತವೆ. ಯೇಲ್‌ನವರು ಆ ಉತ್ತರಕ್ಕೆ ಬಂದದ್ದು ತೇಪೆಗಳ ಪಾಲನ್ನು ಕಳೆದ ಮೇಲೆ, ವಾದ ಮಾಡುವವರು ಬೆರಳಿಡುವುದೂ ಆ ಕಳೆಯುವ ಲೆಕ್ಕದ ಮೇಲೇ.