‘ಮೆಹೆರ್‌ಜಾನ್’ ಮೇಲೆ ಢಾಕಾಗೆ ಯಾಕಷ್ಟು ಸಿಟ್ಟು ಬಂತು?

2011ರ ಜನವರಿ 21ರಂದು ಬಾಂಗ್ಲಾದೇಶದಲ್ಲಿ ‘ಮೆಹೆರ್‌ಜಾನ್’ ಸಿನಿಮಾ ಬಿಡುಗಡೆಯಾಯಿತು. ಜಯಾ ಬಚ್ಚನ್, ವಿಕ್ಟರ್ ಬ್ಯಾನರ್ಜಿ ಥರದ ದೊಡ್ಡ ಹೆಸರುಗಳಿದ್ದವು. ನಿರ್ದೇಶಕಿ ರುಬೈಯಾತ್ ಹುಸೇನ್ ಅವರಿಗೆ ಇದು ಮೊದಲ ಕಥಾಚಿತ್ರ. ಸೆನ್ಸಾರ್ ಕೂಡ ಆಗಿತ್ತು. ಆದರೂ ಹೆಚ್ಚುಕಮ್ಮಿ ಒಂದೇ ವಾರಕ್ಕೆ ಸಿನಿಮಾ ಥಿಯೇಟರ್‌ಗಳಿಂದ ಮಾಯವಾಯಿತು. ಸರ್ಕಾರ ನಿಷೇಧ ಹೇರಿರಲಿಲ್ಲ. ನಿರ್ದೇಶಕಿಯ ತಂದೆಯೇ ಆಗಿನ ಸರ್ಕಾರದಲ್ಲಿ ಮಂತ್ರಿ. ಗಲಾಟೆ ಜೋರಾದಾಗ ವಿತರಕರೇ ಸಿನಿಮಾ ವಾಪಸ್ ತೆಗೆದುಕೊಂಡರು.

ಕಥೆ ನಡೆಯುವುದು 1971ರ ಬಾಂಗ್ಲಾ ವಿಮೋಚನಾ ಯುದ್ಧದ ಸಮಯದಲ್ಲಿ. ಮೆಹೆರ್ ಹದಿಹರೆಯದ ಹುಡುಗಿ. ಯುದ್ಧದ ಭಯಕ್ಕೆ ಅಜ್ಜನ ಹಳ್ಳಿಗೆ ಬಂದು ಇದ್ದಾಳೆ. ಇನ್ನೇನು ಪಾಕಿಸ್ತಾನಿ ಸೈನಿಕರ ಕೈಗೆ ಸಿಗಬೇಕು, ಅಷ್ಟರಲ್ಲಿ ವಾಸಿಂ ಎಂಬ ಬಲೂಚಿ ಸೈನಿಕ ಅವಳನ್ನು ಕಾಪಾಡುತ್ತಾನೆ. ಅವನೂ ಅದೇ ಸೇನೆಯವನು, ಆದರೆ ಕೊಲ್ಲುವ ಕೆಲಸ ಬೇಡ ಅಂತ ಬಿಟ್ಟುಬಂದವನು. ಇಬ್ಬರಿಗೂ ಪ್ರೀತಿಯಾಗುತ್ತದೆ. ಅದೇ ಮನೆಗೆ ಮೆಹೆರ್‌ಳ ಸಂಬಂಧಿ ನೀಲಾ ಬರುತ್ತಾಳೆ. ಅವಳು ಸೇನೆಯವರಿಂದ ಅತ್ಯಾಚಾರಕ್ಕೆ ಒಳಗಾದವಳು, ಸೇಡಿಗೆ ಕುದಿಯುತ್ತಿರುವವಳು. ನೀಲಾಳ ಮಗು ಜರ್ಮನಿಗೆ ದತ್ತು ಹೋಗುತ್ತದೆ. ಎಷ್ಟೋ ವರ್ಷಗಳ ಮೇಲೆ ಆ ಮಗಳು ಸಾರಾ ತನ್ನ ಹುಟ್ಟಿನ ಕಥೆ ಹುಡುಕಿಕೊಂಡು ಬರುತ್ತಾಳೆ. ಅಷ್ಟೊತ್ತಿಗೆ ಮೆಹೆರ್ ವಯಸ್ಸಾದ ಶಿಲ್ಪಿ. ಜಯಾ ಬಚ್ಚನ್ ಮಾಡಿದ್ದು ಆ ಪಾತ್ರ.

ಶತ್ರುವಿನ ಕಡೆಯ ಹುಡುಗ, ಈ ಕಡೆಯ ಹುಡುಗಿ. ಸಿನಿಮಾದಲ್ಲಿ ನೂರು ಸಲ ಬಂದಿರುವ ಕಥೆ, ಅಲ್ವಾ? ಇದಕ್ಕೆ ಅಷ್ಟೊಂದು ಸಿಟ್ಟು ಯಾಕೆ ಅಂತ ತಿಳಿಯಬೇಕಾದರೆ ನೀಲಾಳ ಕಡೆಯಿಂದ ನೋಡಬೇಕು.

1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನಿ ಸೇನೆ ಢಾಕಾದಲ್ಲಿ ಕಾರ್ಯಾಚರಣೆ ಶುರು ಮಾಡಿತು. ಡಿಸೆಂಬರ್ 16ಕ್ಕೆ ಅದೇ ಊರಿನಲ್ಲಿ ಶರಣಾಯಿತು. ಈ ನಡುವೆ 30 ಲಕ್ಷ ಜನ ಸತ್ತರು, 2 ಲಕ್ಷ ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು ಅನ್ನುವುದು ಬಾಂಗ್ಲಾದೇಶದ ಅಧಿಕೃತ ಲೆಕ್ಕ. ಸಂಖ್ಯೆ ಎಷ್ಟು ಅನ್ನುವುದರ ಬಗ್ಗೆ ಸಂಶೋಧಕರಲ್ಲಿ ಜಗಳ ಇದೆ. ಆದದ್ದು ಆಗಿದೆ ಅನ್ನುವುದರ ಬಗ್ಗೆ ಇಲ್ಲ.

ಯುದ್ಧ ಮುಗಿದ ಕೆಲವೇ ದಿನಗಳಲ್ಲಿ ಹೊಸ ಸರ್ಕಾರ ಈ ಹೆಂಗಸರಿಗೆ ‘ಬೀರಾಂಗೊನಾ’ ಎಂಬ ಬಿರುದು ಕೊಟ್ಟಿತು. ನಮ್ಮ ‘ವೀರಾಂಗನೆ’ಯೇ ಅದು. ಅವರನ್ನು ಜನ ಗೌರವದಿಂದ ಕಾಣಲಿ, ಮನೆಯವರು ವಾಪಸ್ ಸೇರಿಸಿಕೊಳ್ಳಲಿ ಅನ್ನುವುದು ಉದ್ದೇಶ. ಆದರೆ ಊರ ಬಾಯಿ ಸುಮ್ನೆ ಇರುತ್ತದಾ? ಬೀರಾಂಗೊನಾ ಅನ್ನುವುದನ್ನು ‘ಬಾರಾಂಗೊನಾ’ ಮಾಡಿ ಆಡಿಕೊಂಡರು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೀರಾಂಗನೆ ವಾರಾಂಗನೆಯಾಗುವುದಕ್ಕೆ ಒಂದು ಸ್ವರ ಬದಲಾದರೆ ಸಾಕು.

1972ರಲ್ಲಿ ಪುನರ್ವಸತಿ ಮಂಡಳಿ ಬಂತು. ಕೆಲಸ ಕಲಿಸುವುದು, ಮದುವೆ ಮಾಡಿಸುವುದು ನಡೆಯಿತು. ಗರ್ಭಪಾತಕ್ಕೆ ಇದ್ದ ಕಾನೂನಿನ ತಡೆಯನ್ನು ಸ್ವಲ್ಪ ಕಾಲ ಸಡಿಲಿಸಿದರು. ಹೊರದೇಶದ ವೈದ್ಯರು ಬಂದರು. ಹುಟ್ಟಿದ ಮಕ್ಕಳನ್ನು ದತ್ತು ಕೊಡಲು ಹೊಸ ಕಾನೂನು ಮಾಡಿದರು. ಆ ವರ್ಷದ ಜುಲೈನಲ್ಲಿ ಅಂಥ 15 ಕೂಸುಗಳು ಕೆನಡಾಕ್ಕೆ ಹೋದವು. ಸಿನಿಮಾದ ಸಾರಾ ಗಾಳಿಯಿಂದ ಬಂದವಳಲ್ಲ.

ಆ ಕಾಲದ ಒಂದು ಫೋಟೊ ಇದೆ. ತೆಗೆದವರು ನೈಬುದ್ದೀನ್ ಅಹ್ಮದ್. ಹೆಂಗಸೊಬ್ಬಳ ಮುಖ ಪೂರ್ತಿ ಬಿಚ್ಚುಗೂದಲಿನಿಂದ ಮುಚ್ಚಿದೆ. ಮುಖದ ಮುಂದೆ ಬಿಗಿ ಹಿಡಿದ ಎರಡು ಮುಷ್ಟಿ, ಕೈಯಲ್ಲಿ ಬಳೆ. ಅಷ್ಟೇ. ಬೀರಾಂಗೊನಾ ಅಂದರೆ ಪತ್ರಿಕೆ, ಪ್ರದರ್ಶನ ಎಲ್ಲ ಕಡೆ ಇದೇ ಫೋಟೊ ಬಂತು. ಮುಖ ಇಲ್ಲದಿದ್ದರೆ ಎಲ್ಲರಿಗೂ ಅನುಕೂಲ ಅಂತ ನನಗೆ ಅನ್ನಿಸುತ್ತದೆ. ಯಾಕೆ ಅನ್ನುವುದಕ್ಕೆ 1992ರ ಒಂದು ಘಟನೆ ನೋಡಿ. ಯುದ್ಧಾಪರಾಧಿಗಳ ವಿರುದ್ಧ ಢಾಕಾದಲ್ಲಿ ಜನತಾ ನ್ಯಾಯಾಲಯ ಕೂಡಿತ್ತು. ಸರ್ಕಾರದ್ದಲ್ಲ, ಜನರೇ ಸೇರಿ ನಡೆಸಿದ ಅಣಕು ವಿಚಾರಣೆ ಅದು. ಕುಷ್ಟಿಯಾ ಜಿಲ್ಲೆಯ ಮೂವರು ಬಡ ಹೆಂಗಸರನ್ನು ಅಲ್ಲಿಗೆ ಕರೆತಂದರು. ಅವರ ಫೋಟೊ ಪತ್ರಿಕೆಯಲ್ಲಿ ಬಂತು, ಈ ಸಲ ಮುಖದ ಸಮೇತ. ಊರಿಗೆ ವಾಪಸ್ ಹೋದಾಗ ಅವರಿಗೆ ಸಿಕ್ಕಿದ್ದು ಚುಚ್ಚುಮಾತು, ಬಹಿಷ್ಕಾರ.

ಬಂದೂಕು ಹಿಡಿದ ಹೆಂಗಸರ ಪಾಡೂ ಅಷ್ಟಕ್ಕಷ್ಟೇ. ‘ಬೀರ್ ಪ್ರತೀಕ್’ ಶೌರ್ಯ ಪದಕ ಪಡೆದ 426 ಜನರಲ್ಲಿ ಹೆಂಗಸರು ಇಬ್ಬರೇ. ಅವರಲ್ಲಿ ಒಬ್ಬರು ತಾರಾಮನ್ ಬೀಬಿ. ಬಾಂಗ್ಲಾ ವಿಮೋಚನೆಗೆ ಹೋರಾಡಿದ ಪಡೆ ‘ಮುಕ್ತಿ ಬಾಹಿನಿ’ಯ ಶಿಬಿರಕ್ಕೆ ಅಡುಗೆ ಕೆಲಸಕ್ಕೆ ಬಂದು ಬಂದೂಕು ಕಲಿತ ಹುಡುಗಿ. 1973ರಲ್ಲಿ ಪದಕ ಘೋಷಣೆಯಾಯಿತು. ಅವರು ಎಲ್ಲಿದ್ದಾರೆ ಅಂತ ಪತ್ತೆಯಾಗಿದ್ದು 1995ರಲ್ಲಿ!

ಸಿನಿಮಾದವರೂ ಇದೇ ದಾರಿ ಹಿಡಿದರು. 1972ರ ‘ಓರಾ ಎಗಾರೊ ಜೊನ್’ನಲ್ಲಿ ನಿಜವಾದ ಮುಕ್ತಿಯೋಧರೇ ನಟಿಸಿದ್ದರು. ಹೆಸರಿನ ಅರ್ಥ ‘ಆ ಹನ್ನೊಂದು ಜನ’. ಹನ್ನೊಂದೂ ಗಂಡಸರೇ. ಅದೇ ವರ್ಷ ಸುಭಾಷ್ ದತ್ತಾ ಅವರ ‘ಅರುಣೋದಯೇರ್ ಅಗ್ನಿಸಾಕ್ಷಿ’ ಅತ್ಯಾಚಾರಕ್ಕೊಳಗಾದ ಹೆಣ್ಣಿನ ಕಡೆಗೆ ತಿರುಗಿ ನೋಡಿತು, ನಿಜ. ಆದರೆ ಅಂಥ ಚಿತ್ರಗಳು ಕಡಿಮೆ.

ಈಗ 2011ಕ್ಕೆ ಬನ್ನಿ. ಯುದ್ಧಾಪರಾಧಗಳ ವಿಚಾರಣೆಗೆ ನ್ಯಾಯಮಂಡಳಿ ರಚನೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಲವತ್ತು ವರ್ಷ ಕಾದ ಮೇಲೆ ಈಗಲಾದರೂ ಸಾಕ್ಷಿ ಹೇಳಬಹುದು ಅಂತ ಜನ ಕಾಯುತ್ತಿದ್ದರು. ಅಂಥ ಹೊತ್ತಿಗೆ ಒಳ್ಳೆಯ ಪಾಕಿಸ್ತಾನಿ ಸೈನಿಕನ ಪ್ರೇಮಕಥೆ ಬಂತು. ಬಲೂಚಿ ಸೈನಿಕನೊಬ್ಬ ಬಿಟ್ಟು ಕಳಿಸಿದ ಅನ್ನುವ ಮಾತು 1971ರ ನೆನಪುಗಳಲ್ಲಿ ಅಲ್ಲಲ್ಲಿ ಸಿಗುತ್ತದೆ. ಹಾಗಾಗಿ ವಾಸಿಂ ಪೂರ್ತಿ ಕಟ್ಟುಕಥೆ ಅನ್ನಲಾಗದು. ಆದರೆ ಚಿತ್ರದಲ್ಲಿ ಮುಕ್ತಿಯೋಧರು ಪೇಲವವಾಗಿ ಕಾಣುತ್ತಾರೆ, ಹಳ್ಳಿ ಮದುವೆ ಮನೆ ಥರ ಬಣ್ಣಬಣ್ಣವಾಗಿದೆ, ಯುದ್ಧ ಎಲ್ಲೋ ಆಚೆ ನಡೆಯುತ್ತಿದೆ ಅಂತ ಟೀಕಿಸಿದರು. ಈ ಟೀಕೆಯಲ್ಲಿ ಹುರುಳಿದೆ.

ಶತ್ರುವನ್ನು ಪ್ರೀತಿಸಿದ್ದು ತಪ್ಪು ಅನ್ನುವ ವಾದ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಹದಿನೇಳರ ಹುಡುಗಿ ಪ್ರೀತಿಸುವ ಮುಂಚೆ ನಕ್ಷೆ ನೋಡಬೇಕಾ? ತಕರಾರು ಇರಬೇಕಾದದ್ದು ಬೇರೆ ಕಡೆ. ಮೆಹೆರ್‌ಳ ಪ್ರೀತಿಗೆ ಹೂವು, ಹಾಡು, ಬೆಳದಿಂಗಳು ಎಲ್ಲ ಸಿಕ್ಕಿದೆ. ನೀಲಾ ಮಾತ್ರ ಪಕ್ಕದಲ್ಲೇ ಉಳಿದಳು. ನಿಜವಾದ ಸಿಟ್ಟು, ನಿಜವಾದ ಕಥೆ ಅವಳದು. ಹಾಗಂತ ಚಿತ್ರವನ್ನೇ ಎತ್ತಿಬಿಟ್ಟಿದ್ದು ಸರಿಯಲ್ಲ. ನೀಲಾಳ ಬಗ್ಗೆ ಮಾತಾಡಲು ಸಿಕ್ಕಿದ್ದ ಒಂದು ನೆಪವೂ ಅದರ ಜೊತೆಗೇ ಹೋಯಿತು.

ಮಜಾ ನೋಡಿ, ಅದೇ ವರ್ಷ ಏಪ್ರಿಲ್‌ನಲ್ಲಿ ಬಂದ ‘ಗೆರಿಲ್ಲಾ’ವನ್ನು ಜನ ತಲೆ ಮೇಲೆ ಹೊತ್ತರು. ರಾಷ್ಟ್ರಪ್ರಶಸ್ತಿಯೂ ಬಂತು. ಅದರಲ್ಲಿ ಜಯಾ ಅಹ್ಸಾನ್ ಮಾಡಿದ ಬಿಲ್ಕಿಸ್ ಕೊನೆಗೆ ಗ್ರೆನೇಡ್ ಸಿಡಿಸಿ ಶತ್ರುವಿನ ಜೊತೆ ತಾನೂ ಸಾಯುತ್ತಾಳೆ. ಸತ್ತ ನಾಯಕಿಯ ಜೊತೆ ಯಾರಿಗೂ ಜಗಳ ಇರಲಿಲ್ಲ.

‘ಮೆಹೆರ್‌ಜಾನ್’ ವಿರುದ್ಧ ಬರೆದವರಲ್ಲಿ ಫೆರ್ದೌಸಿ ಪ್ರಿಯಭಾಷಿಣಿ ಒಬ್ಬರು. ಸಿನಿಮಾದ ಮೆಹೆರ್ ಥರ ಅವರೂ ಶಿಲ್ಪಿ. ಬಿದ್ದ ಕೊಂಬೆ, ಒಣಗಿದ ಬೇರು, ಯಾರಿಗೂ ಬೇಡದ ಮರದ ತುಂಡು ತಂದು ಕೆತ್ತುತ್ತಿದ್ದರು. 1971ರಲ್ಲಿ ಖುಲ್ನಾದಲ್ಲಿ ಸೇನೆಯವರ ಕೈಯಲ್ಲಿ ತಿಂಗಳುಗಟ್ಟಲೆ ನರಳಿದವರು ಅವರು. 1999ರಲ್ಲಿ ಹೆಸರು, ಮುಖ ಎರಡನ್ನೂ ಇಟ್ಟುಕೊಂಡೇ ಅದನ್ನು ಬಾಯಿಬಿಟ್ಟು ಹೇಳಿದರು. ಅವರು ಈ ಚಿತ್ರ ಬೇಡ ಅಂದಾಗ ಎದುರು ಮಾತಾಡುವುದು ಯಾರಿಗೂ ಸುಲಭ ಇರಲಿಲ್ಲ.

ಬೀರಾಂಗೊನಾಗಳನ್ನೂ ಮುಕ್ತಿಯೋಧರು ಎಂದು ಪರಿಗಣಿಸಬೇಕು ಅಂತ ಸಂಸತ್ತು ಒಪ್ಪಿದ್ದು 2015ರ ಜನವರಿಯಲ್ಲಿ. ಅಕ್ಟೋಬರ್‌ನಲ್ಲಿ ಮೊದಲ 41 ಜನರ ಹೆಸರು ಗೆಜೆಟ್‌ನಲ್ಲಿ ಬಂತು. ಅದರ ಜೊತೆಗೆ ಗಂಡು ಮುಕ್ತಿಯೋಧರಿಗೆ ಸಿಗುವ ಮಾಸಾಶನವೂ ಸಿಕ್ಕಿತು. ಪ್ರಿಯಭಾಷಿಣಿ ಅವರ ಹೆಸರು ಸೇರಿದ್ದು 2016ರಲ್ಲಿ. ಆಗ ಅವರಿಗೆ 69 ವರ್ಷ.